ಗೋದಲಿಯ ಎತ್ತಿಗೆ ಹಿಣಿಲು ಇರಲಿ

ಡಿಸೆಂಬರ್ ಬಂತೆಂದರೆ ಠಾಣೆಯ ಪೇಟೆಯಲ್ಲಾಗಲಿ, ಡೊಂಬಿವಲಿ ಸ್ಟೇಷನ್ನಿನ ಹೊರಗಾಗಲಿ ಕಾಗದದ ನಕ್ಷತ್ರಗಳು ನೇತಾಡತೊಡಗುತ್ತವೆ. ಅವುಗಳ ಕೆಳಗೆ ಒಂದಿಷ್ಟು ಕ್ರಿಸ್‌ಮಸ್ ಕಾರ್ಡುಗಳು. ಬಿಡಿಸಿ ನೋಡಿ: ಹಿಮ, ಹಿಮದ ಮೇಲೆ ಜಾರುಬಂಡಿ, ಬಂಡಿಗೆ ಕಟ್ಟಿದ ಹಿಮಸಾರಂಗ, ಕೊಂಬೆಯ ಮೇಲೆ ಕೆಂಪು ಎದೆಯ ಪುಟ್ಟ ಹಕ್ಕಿ. ಇವುಗಳಲ್ಲಿ ಒಂದನ್ನಾದರೂ ನಮ್ಮೂರಲ್ಲಿ ಕಂಡವರುಂಟೆ? ಕಲ್ಯಾಣದ ಡಿಸೆಂಬರ್ ಎಂದರೆ ಬೆಳಗಿನ ಕಾಲೇಜಿಗೆ ಒಂದು ಸ್ವೆಟರು. ಹತ್ತು ಗಂಟೆಗೆ ಅದೂ ಚೀಲದೊಳಗೆ. ಅಷ್ಟೇ ನಮ್ಮ ಚಳಿ!

ಕಾರ್ಡನ್ನು ಕೈಯಲ್ಲೇ ಮಾಡೋಣ ಅಂತ ಹೊರಟವರೂ ಸಾಮಾನ್ಯವಾಗಿ ಇದೇ ಚಿತ್ರಗಳನ್ನು ನಕಲು ಮಾಡುತ್ತಾರೆ. ಈ ಲೇಖನ ಹೇಳುವುದು ಇಷ್ಟು: ಕ್ರಿಸ್‌ಮಸ್ ಚಿತ್ರದೊಳಗಿನ ಪ್ರಾಣಿಗಳನ್ನೆಲ್ಲ ಆಯಾ ಊರಿನವರು ತಮ್ಮ ಕಣ್ಣಿಗೆ ಬಿದ್ದಂತೆ ಒಂದೊಂದಾಗಿ ತಂದು ಸೇರಿಸಿದ್ದು. ಹಾಗಿದ್ದ ಮೇಲೆ ನಾವೂ ನಮ್ಮ ಕಣ್ಣಿಗೆ ಬೀಳುವ ಪ್ರಾಣಿಯನ್ನು ಕೊರೆದು ಒತ್ತಬಹುದು. ಅದರ ಕೆಳಗೆ ಒಂದು ಸಾಲು ಕನ್ನಡವನ್ನೂ ಒತ್ತಬಹುದು. ಅದಕ್ಕೆ ಬೇಕಾದದ್ದು ಒಂದು ಆಲೂಗಡ್ಡೆ, ಒಂದು ರಬ್ಬರು, ಒಂದು ಬ್ಲೇಡು, ಮತ್ತೆ ಸ್ವಲ್ಪ ತಾಳ್ಮೆ.

ಒಂದೇ ವರ್ಷ, ಎರಡು ಕಲ್ಲಚ್ಚು

ಕನ್ನಡ ವಿದ್ಯಾರ್ಥಿಗಳಿಗೆ 1843 ಅಂದ ಕೂಡಲೇ ನೆನಪಾಗುವುದು 'ಮಂಗಳೂರ ಸಮಾಚಾರ'. ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ಆ ವರ್ಷದ ಜುಲೈ 1ರಂದು ಹೊರತಂದ ಕನ್ನಡದ ಮೊದಲ ಪತ್ರಿಕೆ. ಅದು ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಅದೇ ವರ್ಷದ ಕೊನೆಗೆ ಲಂಡನ್ನಿನಲ್ಲಿ ಹೆನ್ರಿ ಕೋಲ್ ಎಂಬಾತ, ಹಬ್ಬಕ್ಕೆ ಎಲ್ಲರಿಗೂ ಕಾಗದ ಬರೆಯಲು ಪುರುಸೊತ್ತಿಲ್ಲದೆ, ಜಾನ್ ಹಾರ್ಸ್‌ಲಿ ಎಂಬ ಚಿತ್ರಕಾರನಿಂದ ಒಂದು ಚಿತ್ರ ಬರೆಯಿಸಿ ಸುಮಾರು 1000 ಪ್ರತಿ ತೆಗೆಸಿದ. ಮಾರಾಟಕ್ಕೆ ಬಂದ ಮೊದಲ ಕ್ರಿಸ್‌ಮಸ್ ಕಾರ್ಡು ಅದೇ. ಬೆಲೆ ಒಂದು ಶಿಲಿಂಗ್. ಅದೂ ಕಲ್ಲಚ್ಚೇ, ಬಣ್ಣ ಮಾತ್ರ ಕೈಯಲ್ಲಿ ತುಂಬಿದ್ದು. ನಮ್ಮ ಭಾಷೆಯ ಪತ್ರಿಕೆಗೂ ಕ್ರಿಸ್‌ಮಸ್ ಕಾರ್ಡಿಗೂ ಒಂದೇ ವಯಸ್ಸು, ಒಂದೇ ಬಗೆಯ ಅಚ್ಚು.

ಆ ಮೊದಲ ಕಾರ್ಡಿನ ಮುಖ್ಯ ಚಿತ್ರದಲ್ಲಿ ಮೂರು ತಲೆಮಾರಿನ ಒಂದು ಕುಟುಂಬ ಊಟಕ್ಕೆ ಕೂತಿದೆ. ಎರಡು ಪಕ್ಕದಲ್ಲಿ ಬಡವರಿಗೆ ಅನ್ನ, ಬಟ್ಟೆ ಕೊಡುವ ದೃಶ್ಯ. ಹಿಮವಿಲ್ಲ, ಸಾರಂಗವಿಲ್ಲ. ಹಾಗಾದರೆ ಪ್ರಾಣಿಗಳು ಎಲ್ಲಿಂದ ಬಂದವು?

ಕೆಂಪು ಎದೆಯ ರಾಬಿನ್ ಹಕ್ಕಿಯ ಕತೆ ಸ್ವಾರಸ್ಯದ್ದು. ಆಗಿನ ಇಂಗ್ಲೆಂಡಿನ ಅಂಚೆಯವರು ಕೆಂಪು ಕೋಟು ತೊಡುತ್ತಿದ್ದರು. ಜನ ಅವರಿಗೆ ಪ್ರೀತಿಯಿಂದ 'ರಾಬಿನ್' ಅಂತಲೇ ಹೆಸರಿಟ್ಟಿದ್ದರು. ಕಾರ್ಡು ತಂದುಕೊಡುವ ಅಂಚೆಯಣ್ಣ ಕಾರ್ಡಿನೊಳಗೆ ಹಕ್ಕಿಯಾಗಿ ಹೊಕ್ಕ! ಹಿಮಸಾರಂಗಗಳ ಬಂಡಿ ಅಮೆರಿಕದಲ್ಲಿ 1823ರಲ್ಲಿ ಅಚ್ಚಾದ ಒಂದು ಪದ್ಯದಿಂದ ಜನಪ್ರಿಯವಾಯಿತು. ಕೆಂಪು ಮೂಗಿನ ರುಡಾಲ್ಫನಂತೂ 1939ರಲ್ಲಿ ಅಲ್ಲಿನ ಒಂದು ದೊಡ್ಡ ಅಂಗಡಿ ಗಿರಾಕಿಗಳಿಗೆ ಹಂಚಿದ ಪುಸ್ತಿಕೆಯಲ್ಲಿ ಹುಟ್ಟಿದ್ದು.

ಇನ್ನು ಗೋದಲಿಯ ಎತ್ತು, ಕತ್ತೆ. ಕನ್ನಡ ಬೈಬಲ್ಲಿನಲ್ಲಿ ದನಗಳಿಗೆ ಮೇವು ಹಾಕುವ ತೊಟ್ಟಿಗೆ ಗೋದಲಿ ಎಂಬ ಚೆಂದದ ಮಾತಿದೆ. ಕ್ರಿಸ್‌ಮಸ್ಸಿಗೆ ಕಟ್ಟುವ ಕೊಟ್ಟಿಗೆಯ ದೃಶ್ಯಕ್ಕೂ ಅದೇ ಹೆಸರು. ಲೂಕನ ಸುವಾರ್ತೆ ಮಗುವನ್ನು ಗೋದಲಿಯಲ್ಲಿ ಮಲಗಿಸಿದ್ದನ್ನೂ ಕುರುಬರು ಬಂದದ್ದನ್ನೂ ಹೇಳುತ್ತದೆ. ಎತ್ತಾಗಲಿ ಕತ್ತೆಯಾಗಲಿ ಅಲ್ಲಿ ಇಲ್ಲ. ಅವು ಯೆಶಾಯನ ಪುಸ್ತಕದ ಒಂದು ಮಾತಿನಿಂದ ಬಂದವು ಎನ್ನುತ್ತಾರೆ. ಎತ್ತಿಗೆ ತನ್ನ ಒಡೆಯನ ಗುರುತು ಉಂಟು, ಕತ್ತೆಗೂ ಯಜಮಾನನ ಗೋದಲಿಯ ಗುರುತು ಉಂಟು ಎಂಬ ಅರ್ಥದ ಮಾತು ಅದು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಸಂತ ಫ್ರಾನ್ಸಿಸ್ ನಿಜವಾದ ಎತ್ತು, ಕತ್ತೆಗಳನ್ನು ತಂದು ನಿಲ್ಲಿಸಿ ಹಬ್ಬ ಮಾಡಿದ. ಆತ ಎಲ್ಲಿಂದಲೋ ತರಿಸಲಿಲ್ಲ, ಆ ಊರಿನ ಎತ್ತನ್ನೇ ಕರೆತಂದ. ನಮಗೆ ಬೇಕಾದ ಪಾಠ ಅದೇ.

ಮುದ್ರೆಯ ಪ್ರಾಣಿ ನಮಗೆ ಹೊಸದಲ್ಲ

ಪ್ರಾಣಿಯ ಚಿತ್ರ ಕೊರೆದು ಒತ್ತುವ ಕೆಲಸವನ್ನು ನಾವು ಯಾರಿಂದಲೂ ಎರವಲು ತರಬೇಕಾಗಿಲ್ಲ. ನಾಲ್ಕು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಸಿಂಧೂ ಬಯಲಿನವರು ಬಳಪದ ಕಲ್ಲಿನಲ್ಲಿ ಒಂಟಿಕೊಂಬಿನ ಪ್ರಾಣಿ, ಡುಬ್ಬದ ಗೂಳಿ, ಆನೆ, ಘೇಂಡಾಮೃಗಗಳನ್ನು ಕೊರೆದು ಜೇಡಿಮಣ್ಣಿನ ಮೇಲೆ ಒತ್ತುತ್ತಿದ್ದರು. ಬಾದಾಮಿ ಚಾಲುಕ್ಯರ ಲಾಂಛನ ವರಾಹ, ತಲಕಾಡಿನ ಗಂಗರದು ಆನೆ. ಇದೇ ಠಾಣೆ, ಅಂದಿನ ಸ್ಥಾನಕ, ಉತ್ತರ ಕೊಂಕಣದ ಶಿಲಾಹಾರರ ರಾಜಧಾನಿಯಾಗಿತ್ತು. ಅವರು ಮೊದಲು ನಮ್ಮ ರಾಷ್ಟ್ರಕೂಟರ ಸಾಮಂತರು. ಇಬ್ಬರ ಲಾಂಛನವೂ ಗರುಡ. ಅವರ ಕಾಲದ ಅಂಬರನಾಥದ ಶಿವಾಲಯ, ಶಕ 982, ಅಂದರೆ ಕ್ರಿ.ಶ. 1060ರದ್ದು, ಕಲ್ಯಾಣದಿಂದ ಲೋಕಲ್ ಹಿಡಿದರೆ ಮೂರನೇ ಸ್ಟೇಷನ್ನು.

ಅರಮನೆಯ ಮಾತಿರಲಿ, ಮನೆಯ ಮಾತಿಗೆ ಬನ್ನಿ. ಗೋಕುಲಾಷ್ಟಮಿಗೆ ಅಮ್ಮ ಮುಷ್ಟಿಯ ಪಕ್ಕವನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ ಕೃಷ್ಣನ ಪುಟ್ಟ ಹೆಜ್ಜೆ ಒತ್ತುತ್ತಾರಲ್ಲ, ಅದೊಂದು ಅಚ್ಚು. ಕರಾವಳಿ, ಮಲೆನಾಡುಗಳಲ್ಲಿ ದೀಪಾವಳಿಯ ಗೋಪೂಜೆಗೆ ಶೇಡಿ, ಜಾಜು ಕದಡಿ, ಸಿದ್ದೆಯದೋ ಲೋಟದ್ದೋ ಬಾಯಿಯನ್ನು ಅದರಲ್ಲಿ ಅದ್ದಿ ದನಗಳ ಮೈತುಂಬ ದುಂಡು ದುಂಡು ಮುದ್ರೆ ಹಾಕುತ್ತಾರೆ. ಅಲ್ಲಿ ಪ್ರಾಣಿಯೇ ಕಾರ್ಡು! ಸಂಕ್ರಾಂತಿಗೆ ಹಳೆ ಮೈಸೂರಿನ ಕಡೆ ಎಳ್ಳಿನ ಜೊತೆ ಬೀರುವ ಸಕ್ಕರೆ ಅಚ್ಚಿನಲ್ಲಿ ಆನೆ, ಹಸು, ಗಿಳಿ, ಮೀನು ಎಲ್ಲ ಉಂಟು. ಮಂಗಳೂರಿನ ಕ್ರೈಸ್ತರ ಮನೆಗಳಿಂದ ಬರುವ ಕುಸ್ವಾರಿನ ತಟ್ಟೆಯಲ್ಲಿ 'ಕಿಡಿಯೊ' ಎಂಬ ತಿಂಡಿ ಇರುತ್ತದೆ, ಹಾಗೆಂದರೆ ಹುಳುಗಳು. ಹಿಟ್ಟಿನ ಉಂಡೆಯನ್ನು ಫೋರ್ಕಿನ ಬೆನ್ನಿಗೋ ಹೊಸ ಬಾಚಣಿಗೆಗೋ ಒತ್ತಿ ಸುರುಳಿ ಸುತ್ತಿದರೆ ಗೆರೆಗೆರೆಯ ಹುಳು ಸಿದ್ಧ. ಅಚ್ಚು, ಮುದ್ರೆ, ಠಸ್ಸೆ ಅಂತ ಇದಕ್ಕೆ ನಮ್ಮಲ್ಲಿ ಮೂರು ಮೂರು ಮಾತು ಬೇರೆ. ಮೂರನೆಯದು ಮರಾಠಿಯ 'ಠಸಾ'ದ ನಂಟು.

ಯಾವ ಪ್ರಾಣಿ?

ಮೊದಲು ಎತ್ತು. ವಿಲಾಯತಿ ಕಾರ್ಡಿನ ಎತ್ತನ್ನು ನೋಡಿ: ಬೆನ್ನು ಹಲಗೆಯಂತೆ ಚಪ್ಪಟೆ. ನಮ್ಮ ಎತ್ತಿಗೆ ಭುಜದ ಮೇಲೆ ಡುಬ್ಬ ಇದೆ; ಹಳ್ಳಿಯವರು ಹಿಣಿಲು ಎನ್ನುತ್ತಾರೆ. ಕೊರಳ ಕೆಳಗೆ ಜೋಲುವ ಗಂಗೆದೊಗಲು ಇದೆ. ಖಿಲ್ಲಾರಿಗೂ ಅಮೃತಮಹಲಿಗೂ ಬೆನ್ನ ಕಡೆ ಬಾಗಿದ ಉದ್ದನೆಯ ಕೊಂಬಿದೆ. ಹಿಣಿಲು, ಗಂಗೆದೊಗಲು, ಕೊಂಬು, ಈ ಮೂರು ಗೆರೆ ಬಂದರೆ ಸಾಕು. ಗೋದಲಿ ಬೆತ್ಲೆಹೇಮಿನದಾದರೂ ಎತ್ತು ನಮ್ಮ ಬಿಜಾಪುರದ್ದೋ ಸಾಂಗಲಿಯದ್ದೋ ಆಗುತ್ತದೆ. ಅಚ್ಚಿನ ಗುಟ್ಟೇ ಇದು. ಅಚ್ಚಿನಲ್ಲಿ ಎಲ್ಲವನ್ನೂ ಕೊರೆಯಲು ಆಗುವುದಿಲ್ಲ. ಯಾವ ಗೆರೆ ತೆಗೆದರೆ ಅದು ಎತ್ತೇ ಅಲ್ಲವಾಗುತ್ತದೋ ಆ ಗೆರೆಯನ್ನು ಉಳಿಸಿ ಮಿಕ್ಕದ್ದನ್ನು ಬಿಡಬೇಕು. ಅದಕ್ಕೆ ಮೊದಲು ಪ್ರಾಣಿಯನ್ನು ಸರಿಯಾಗಿ ನೋಡಬೇಕು.

ಕುರಿ ಸುಲಭ: ಹೆಬ್ಬೆರಳಿನ ಗುರುತು ನಾಲ್ಕೈದು ಒತ್ತಿ, ಪೆನ್ನಿನಿಂದ ಕಾಲು, ಮುಖ ಬರೆದರಾಯಿತು. ಬೆರಳಿನ ಗೆರೆಗಳೇ ಉಣ್ಣೆಯಾಗುತ್ತವೆ. ಕತ್ತೆಗೆ ಕಿವಿ ದೊಡ್ಡದಿರಲಿ, ತಲೆ ಸ್ವಲ್ಪ ತಗ್ಗಿರಲಿ.

ನವಿ ಮುಂಬಯಿಯವರಿಗೆ ಬೇರೊಂದು ಭಾಗ್ಯ ಉಂಟು: ರಾಜಹಂಸ. ಫ್ಲೆಮಿಂಗೊ ಅಂತ ಎಲ್ಲರೂ ಕರೆಯುವ, ಮರಾಠಿಯಲ್ಲಿ ರೋಹಿತ ಎನ್ನುವ ಈ ಹಕ್ಕಿಗಳು ನವೆಂಬರ್–ಡಿಸೆಂಬರ್ ಹೊತ್ತಿಗೆ ಠಾಣೆ ಖಾಡಿಗೆ ಬರತೊಡಗಿ ಮೇ ತಿಂಗಳವರೆಗೂ ಇರುತ್ತವೆ. ಅಂದರೆ ಸರಿಯಾಗಿ ಕ್ರಿಸ್‌ಮಸ್ಸಿನ ಅತಿಥಿಗಳು. ರಾಬಿನ್ ಇಂಗ್ಲೆಂಡಿಗಾದರೆ ರಾಜಹಂಸ ನಮಗೆ. ಐರೋಳಿ, ವಾಶಿ ಸೇತುವೆಗಳ ನಡುವಿನ ಸುಮಾರು 1690 ಹೆಕ್ಟೇರ್ ಜಾಗ 2015ರಲ್ಲಿ ರಾಜಹಂಸಗಳ ಅಭಯಾರಣ್ಯವಾಯಿತು. 2022ರಲ್ಲಿ ಠಾಣೆ ಖಾಡಿ ರಾಮ್ಸರ್ ಪಟ್ಟಿಗೂ ಸೇರಿತು. ಕತ್ತನ್ನು 'ಎಸ್' ಅಕ್ಷರದಂತೆ ಬಾಗಿಸಿ, ಕೊಕ್ಕನ್ನು ತಲೆಕೆಳಗಾಗಿ ಕೆಸರಿನಲ್ಲಿಟ್ಟು ಪಾಚಿ ಮತ್ತು ಸಣ್ಣ ಜೀವಿಗಳನ್ನು ಸೋಸಿ ತಿನ್ನುವ ಹಕ್ಕಿ ಇದು. ಮೈಯ ಗುಲಾಬಿ ಬಣ್ಣವೂ ಆ ಆಹಾರದಿಂದಲೇ ಬಂದದ್ದು. ನೀರು ಬಿಟ್ಟು ಹಾಲು ಕುಡಿಯುವ ಹಂಸ ಕಾವ್ಯದ್ದು. ಕೆಸರು ಬಿಟ್ಟು ಪಾಚಿ ಸೋಸುವ ಹಂಸ ನಮ್ಮ ಖಾಡಿಯದ್ದು!

ಕೊರೆಯುವವರಿಗೆ ಎರಡು ಸೂಚನೆ. ಹಿಂದಕ್ಕೆ ಮಡಿಸಿದಂತೆ ಕಾಣುವುದು ಅದರ ಮೊಣಕಾಲಲ್ಲ, ಹಿಮ್ಮಡಿಯ ಗಂಟು; ಆದ್ದರಿಂದ ಬಾಗು ಹಿಂದಕ್ಕೇ ಇರಲಿ. ಸಣ್ಣ ರಾಜಹಂಸದ ಕೊಕ್ಕು ಪೂರಾ ಕಡುಗೆಂಪು, ದೊಡ್ಡದರ ಕೊಕ್ಕು ಗುಲಾಬಿ, ತುದಿ ಮಾತ್ರ ಕಪ್ಪು.

ವಾರ್ಲಿ ಚಿತ್ರಗಳ ಮಾತನ್ನೂ ಹೇಳಬೇಕು. 2014ರ ಆಗಸ್ಟಿನಲ್ಲಿ ಪಾಲ್ಘರ್ ಜಿಲ್ಲೆ ಬೇರೆಯಾಗುವವರೆಗೆ ಅವು ಠಾಣೆ ಜಿಲ್ಲೆಯವೇ. ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪು. ತ್ರಿಕೋನ, ವೃತ್ತ, ಗೆರೆ, ಅಷ್ಟರಲ್ಲೇ ಎತ್ತು, ಕೋಳಿ, ನವಿಲು ಎಲ್ಲ. ಆ ಕಲೆಯನ್ನು ಗೋಡೆಯಿಂದ ಕಾಗದಕ್ಕೆ ತಂದು ಜಗತ್ತಿಗೆ ತೋರಿಸಿದ ಜಿವ್ಯಾ ಸೋಮಾ ಮ್ಹಶೆ ಅವರಿಗೆ 2011ರಲ್ಲಿ ಪದ್ಮಶ್ರೀ ಬಂತು. 2018ರಲ್ಲಿ ಅವರು ತೀರಿಕೊಂಡರು. ಮೂಲೆಗಳಿರುವ ಆಕೃತಿ ಆಲೂಗಡ್ಡೆಯಲ್ಲಿ ಚೆನ್ನಾಗಿ ನಿಲ್ಲುವುದರಿಂದ ಈ ಬಗೆ ನಮಗೆ ಅನುಕೂಲ. ಆದರೆ ಮದುವೆಯಲ್ಲಿ ಸುವಾಸಿನಿಯರು ಬರೆಯುವ ದೇವಿಯ ಚೌಕವನ್ನು ಕಾರ್ಡಿಗೆ ಎಳೆಯುವುದು ಬೇಡ. ಅದು ಅವರ ಪೂಜೆ.

ಕೊರೆಯುವ ಬಗೆ

ಕಾರ್ಡಿನ ಕಾಗದದಿಂದ ಶುರು ಮಾಡೋಣ. ಅಂಗಡಿಯಲ್ಲಿ ಸಿಗುವ ದೊಡ್ಡ ಡ್ರಾಯಿಂಗ್ ಶೀಟು 22 ಇಂಚು, 30 ಇಂಚು. ಎರಡು ಕಡೆಯೂ ಮೂರು ಮೂರು ಭಾಗ ಮಾಡಿದರೆ 9 ತುಂಡು; ಒಂದೊಂದನ್ನು ಮಡಿಸಿದರೆ ಸುಮಾರು 5 ಇಂಚು ಅಗಲ, 7 ಇಂಚು ಎತ್ತರದ ಕಾರ್ಡು. ಐದು ಶೀಟಿಗೆ 45 ಕಾರ್ಡು. ಮಡಿಸುವ ಮುನ್ನ ಸ್ಕೇಲ್ ಇಟ್ಟು, ಮಸಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಗೆರೆ ಎಳೆಯಿರಿ. ಆಗ ಮಡಿಕೆ ನೇರವಾಗಿ ಬೀಳುತ್ತದೆ, ಕಾಗದ ಒಡೆಯುವುದಿಲ್ಲ.

ಮೊದಲ ಸಲ ಮಾಡುವವರು ಆಲೂಗಡ್ಡೆಯಿಂದ ಆರಂಭಿಸಲಿ. ದೊಡ್ಡ ಚಾಕುವಿನಿಂದ ಒಂದೇ ಏಟಿಗೆ ಎರಡು ಹೋಳು ಮಾಡಬೇಕು. ಗರಗಸದಂತೆ ಆಡಿಸಿದರೆ ಮೈ ಏರುಪೇರಾಗಿ ಅರ್ಧ ಪ್ರಾಣಿ ಅಚ್ಚಾಗುತ್ತದೆ. ಹೋಳನ್ನು ಹಳೆಯ ಬಟ್ಟೆಯ ಮೇಲೆ ಹತ್ತು ನಿಮಿಷ ಬೋರಲು ಹಾಕಿ, ನೀರು ಹೀರಲಿ. ಬಾಲ್‌ಪೆನ್ನಿನಿಂದ ಚಿತ್ರ ಬರೆದು, ಗೆರೆಯ ಸುತ್ತ ಸುಮಾರು ಅರ್ಧ ಸೆಂಟಿಮೀಟರ್ ಆಳ ಕೊಯ್ದು, ಹೊರಗಿನದನ್ನು ಪಕ್ಕದಿಂದ ಕತ್ತರಿಸಿ ತೆಗೆಯಿರಿ. ಬ್ಲೇಡನ್ನು ಚಿತ್ರದಿಂದ ಹೊರಕ್ಕೆ ಓರೆ ಹಿಡಿಯಬೇಕು. ಒಳಕ್ಕೆ ಓರೆಯಾದರೆ ಗೆರೆಯ ಬುಡ ಟೊಳ್ಳಾಗಿ, ನಾಲ್ಕು ಸಲ ಒತ್ತುವಷ್ಟರಲ್ಲಿ ಕೊಂಬು ಮುರಿದು ಎತ್ತು ಎಮ್ಮೆಗರುವಾಗುತ್ತದೆ. ಹೋಳನ್ನು ಅಂಗೈಯಲ್ಲಿ ಹಿಡಿದು ಕೊಯ್ಯಬೇಡಿ. ಮಣೆಯ ಮೇಲಿಟ್ಟು, ಬೆರಳು ಬ್ಲೇಡಿನ ಹಿಂದೆ ಇರುವಂತೆ ನೋಡಿಕೊಳ್ಳಿ.

ಆಲೂಗಡ್ಡೆಯ ಆಯುಸ್ಸು ಒಂದೇ ದಿನ. ಹೆಚ್ಚು ಕಾಲ ಬಾಳುವುದು, ಸಣ್ಣ ಗೆರೆ ಹಿಡಿಯುವುದು ಪೆನ್ಸಿಲ್ ಅಳಿಸುವ ರಬ್ಬರು. ಕೊರೆಯುವ ವಿಧಾನ ಅದೇ. ನಕ್ಷತ್ರ ಬೇಕಾದರೆ ಕೊರೆಯುವ ಕಷ್ಟವೂ ಇಲ್ಲ: ಬೆಂಡೆಕಾಯಿಯನ್ನು ಅಡ್ಡ ಹೆಚ್ಚಿ, ಬಣ್ಣ ಹಚ್ಚಿ ಒತ್ತಿ ನೋಡಿ.

ಆಲೂಗಡ್ಡೆಗೆ ಪೋಸ್ಟರ್ ಬಣ್ಣ ಸರಿ. ಮಜ್ಜಿಗೆಯಂತೆ ತೆಳ್ಳಗಿರಬಾರದು, ಗಟ್ಟಿ ಮೊಸರಿನಂತಿರಲಿ. ಕುಂಚದಿಂದ ತೆಳುವಾಗಿ ಹಚ್ಚಬೇಕು. ರಬ್ಬರಿಗೆ ಆಫೀಸಿನ ಸ್ಟಾಂಪ್ ಪ್ಯಾಡು ಸಾಕು. ಕಾರ್ಡಿನ ಕೆಳಗೆ ನಾಲ್ಕು ಮಡಿಕೆಯ ಹಳೆಯ ವರ್ತಮಾನಪತ್ರಿಕೆ ಇರಲಿ. ಮೆತ್ತನೆಯ ಹಾಸು ಇದ್ದರೆ ಅಚ್ಚು ಪೂರಾ ಮೂಡುತ್ತದೆ. ನೇರ ಇಳಿಸಿ, ಒತ್ತಿ, ನೇರ ಎತ್ತಿ. ಅಲ್ಲಾಡಿಸಬಾರದು. ಅಂಚಿನಲ್ಲಿ ಬಣ್ಣ ಕಲೆಸಿದರೆ ಬಣ್ಣ ಹೆಚ್ಚಾಯಿತು ಅಂತ ಅರ್ಥ. ನಡುವೆ ಬಿಳಿ ಉಳಿದರೆ ಮೈ ಸಮವಿಲ್ಲ ಅಂತ. ಎರಡು ಬಣ್ಣವಿದ್ದರೆ ತಿಳಿಬಣ್ಣ ಮೊದಲು: ಹಂಸದ ಮೈ ಗುಲಾಬಿ, ಒಣಗಿದ ಮೇಲೆ ಕೊಕ್ಕಿನ ಕಪ್ಪು. ಮೊದಲ ಐದಾರು ಮುದ್ರೆ ರದ್ದಿ ಕಾಗದಕ್ಕೆ ಮೀಸಲು.

ಕನ್ನಡಕ್ಕೆ ಕನ್ನಡಿ

ಈಗ ಅಕ್ಷರ. ಸೈಕ್ಲೋಸ್ಟೈಲಿನಲ್ಲಿ ಸ್ಟೆನ್ಸಿಲ್ ಮೇಲೆ ಬರೆದದ್ದು ಹಾಗೆಯೇ ನೇರವಾಗಿ ಬರುತ್ತದೆ, ಏಕೆಂದರೆ ಮಸಿ ಆ ಕಾಗದವನ್ನು ತೂರಿ ಕೆಳಗಿಳಿಯುತ್ತದೆ. ಅಚ್ಚಿನಲ್ಲಿ ಹಾಗಲ್ಲ, ಮೈಗೆ ಮೈ ತಾಗುವುದರಿಂದ ಎಡ ಬಲ ಅದಲುಬದಲು. ಕನ್ನಡವನ್ನು ಕನ್ನಡಿಯಲ್ಲಿ ಕಂಡಂತೆ ಕೊರೆಯಬೇಕು. ಸೊನ್ನೆಯೊಂದು ಮಾತ್ರ ಕನ್ನಡಿಗೆ ಹೆದರುವುದಿಲ್ಲ. ತಲೆಕಟ್ಟು, ಕೊಂಬು, ಒತ್ತು ಎಲ್ಲ ತಿರುಗುತ್ತವೆ.

ಉಪಾಯ ಸುಲಭ. ಟ್ರೇಸಿಂಗ್ ಪೇಪರಿನ ಮೇಲೆ ಮೆತ್ತನೆಯ ಪೆನ್ಸಿಲ್ಲಿನಿಂದ ಸಾಲನ್ನು ನೇರವಾಗಿ ಬರೆಯಿರಿ. ಅದನ್ನು ರಬ್ಬರಿನ ಮೇಲೆ ಬೋರಲು ಹಾಕಿ ಉಗುರಿನಿಂದ ಉಜ್ಜಿ. ಪೆನ್ಸಿಲ್ ಗೆರೆ ರಬ್ಬರಿಗೆ ಇಳಿಯುತ್ತದೆ, ತಾನಾಗಿಯೇ ತಿರುಗಿರುತ್ತದೆ. ಗೆರೆ ಬಿಟ್ಟು ಮಿಕ್ಕದ್ದನ್ನು ಕೊರೆಯಿರಿ. 'ಕ್ರಿಸ್‌ಮಸ್ ಶುಭಾಶಯಗಳು' ಪೂರ್ತಿ ಒಂದೇ ರಬ್ಬರಿನಲ್ಲಿ ಕೂರುವುದಿಲ್ಲ. 'ಹಬ್ಬದ ಶುಭಾಶಯ' ಎಂದರೆ ಎರಡು ರಬ್ಬರಿಗೆ ಮುಗಿಯುತ್ತದೆ, ಸಂಕ್ರಾಂತಿಗೂ ಬರುತ್ತದೆ! ಅಕ್ಷರದ ಹೊಟ್ಟೆ ದೊಡ್ಡದಾಗಿರಲಿ. ಸಣ್ಣದಾದರೆ ಮಸಿ ತುಂಬಿ 'ಬ' ಯಾವುದು 'ಭ' ಯಾವುದು ತಿಳಿಯುವುದಿಲ್ಲ.

ಇಷ್ಟು ಕಷ್ಟ ಯಾಕೆ, ಮೊಬೈಲಿನಲ್ಲಿ ಕಳಿಸಿದರಾಗದೆ ಅಂತ ಕೇಳಬಹುದು. ನಮ್ಮ ಕಡೆಯ ಎಷ್ಟೋ ಮನೆಗಳ ಸ್ಥಿತಿ ನಿಮಗೇ ಗೊತ್ತು: ಬಾಯಲ್ಲಿ ಕನ್ನಡ, ಬೆರಳಲ್ಲಿ ದೇವನಾಗರಿ ಅಥವಾ ಇಂಗ್ಲಿಷು. ಅಮ್ಮನ ಜೊತೆ ಕನ್ನಡ ಮಾತಾಡುವ ತಮ್ಮನಿಗೆ 'ಶು' ಬರೆ ಎಂದರೆ ಕೊಂಬು ಯಾವ ಕಡೆ ಅಂತ ಕೇಳುತ್ತಾನೆ. ಅವನ ಕೈಗೆ ರಬ್ಬರು ಕೊಡಿ. 'ಶು' ಕೊರೆಯಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ಆ ಅಕ್ಷರದ ಒಂದೊಂದು ತಿರುವಿನ ಮೇಲೂ ಅವನ ಕಣ್ಣಿರುತ್ತದೆ. ಕಾಪಿ ಪುಸ್ತಕ ಮಾಡದ ಕೆಲಸ ಅದು. ಇನ್ನೊಂದು ಮಾತು: ಮಂಗಳೂರು ಕಡೆಯ ಕ್ರೈಸ್ತರು ತಮ್ಮ ಕೊಂಕಣಿಯನ್ನು ಬರೆಯುವುದು ಕನ್ನಡ ಲಿಪಿಯಲ್ಲೇ. ನಿಮ್ಮ ಕಟ್ಟಡದಲ್ಲಿ ಅಂಥ ಮನೆ ಇದ್ದರೆ, ಹಬ್ಬದ ಮಾತನ್ನು ಅವರ ಅಜ್ಜಿಯನ್ನು ಕೇಳಿಯೇ ಬರೆದುಕೊಂಡು ಕೊರೆಯಿರಿ. ಅವರ ಮಾತು, ನಮ್ಮ ಅಕ್ಷರ ಒಂದೇ ಕಾರ್ಡಿನಲ್ಲಿ ಸೇರಿದ ಹಾಗಾಯಿತು.

ತೂಗುಬೊಂಬೆಗಳು

ಗಿಡಕ್ಕೆ, ಬಾಗಿಲಿಗೆ ತೂಗುಹಾಕುವ ಅಲಂಕಾರಕ್ಕೂ ಇದೇ ಅಚ್ಚು ಸಾಕು. ಹಳೆಯ ನೋಟುಬುಕ್ಕಿನ ರಟ್ಟನ್ನು ದುಂಡಗೆ ಕತ್ತರಿಸಿ, ಎರಡೂ ಮೈಗೆ ಬಿಳಿ ಕಾಗದ ಅಂಟಿಸಿ, ಒಂದು ಕಡೆ ಎತ್ತು, ಇನ್ನೊಂದು ಕಡೆ ಬೆಂಡೆಕಾಯಿ ನಕ್ಷತ್ರ ಒತ್ತಿ, ಸೆಣಬಿನ ದಾರ ಪೋಣಿಸಿ. ಥರ್ಮಾಕೋಲ್ ಬೇಡ, ಮಹಾರಾಷ್ಟ್ರದಲ್ಲಿ ಅಲಂಕಾರಕ್ಕೆ ಅದರ ಬಳಕೆಯನ್ನು 2018ರಲ್ಲೇ ನಿಷೇಧಿಸಿದ್ದಾರೆ.

ಮಣ್ಣಿನಂಥ ಬೊಂಬೆ ಬೇಕಾದರೆ ಎರಡು ಬಟ್ಟಲು ಮೈದಾ, ಒಂದು ಬಟ್ಟಲು ಪುಡಿ ಉಪ್ಪು, ಒಂದು ಬಟ್ಟಲಿಗಿಂತ ಸ್ವಲ್ಪ ಕಡಿಮೆ ನೀರು. ನೀರನ್ನು ಒಂದೇ ಸಲ ಸುರಿಯಬಾರದು. ಪೂರಿ ಹಿಟ್ಟಿನಂತೆ ಗಟ್ಟಿಯಾಗಿ ನಾದಿ, ಕಾಲು ಇಂಚು ದಪ್ಪ ಲಟ್ಟಿಸಿ, ಲೋಟದ ಬಾಯಿಯಿಂದ ಬಿಲ್ಲೆ ಕತ್ತರಿಸಿ. ರಬ್ಬರಿನ ಅಚ್ಚನ್ನು ಒತ್ತಿದರೆ ಪ್ರಾಣಿ ಒಳಕ್ಕೆ ತಗ್ಗಾಗಿ ಮೂಡುತ್ತದೆ. ಪ್ರಾಣಿ ಉಬ್ಬಿ ಬರಬೇಕೆ? ಸಕ್ಕರೆ ಅಚ್ಚಿನ ಮರದ ಹಲಗೆ ಮನೆಯಲ್ಲಿದ್ದರೆ ಅಮ್ಮನ ಅಪ್ಪಣೆ ಪಡೆದು ತನ್ನಿ. ಅದರ ಒಳಗೆ ಚಿತ್ರ ಟೊಳ್ಳಾಗಿ ಕೊರೆದಿರುವುದರಿಂದ ಒಂದು ಹಲಗೆಗೆ ಮೈದಾ ಪುಡಿ ಉದುರಿಸಿ ಹಿಟ್ಟು ಒತ್ತಿ ಬಿಡಿಸಿದರೆ ಆನೆ ಉಬ್ಬಿ ಎದ್ದು ಬರುತ್ತದೆ. ಹಸಿ ಇರುವಾಗಲೇ ಕಡ್ಡಿಯಿಂದ ದಾರಕ್ಕೆ ತೂತು ಮಾಡಿ. ಮೂರು ನಾಲ್ಕು ದಿನ ಮಗುಚಿ ಹಾಕುತ್ತ ಒಣಗಿಸಿ, ಕೊನೆಗೆ ವಾರ್ನಿಷ್ ಬಳಿಯಿರಿ. ಉಪ್ಪು ತೇವ ಎಳೆಯುವುದರಿಂದ, ವಾರ್ನಿಷ್ ಇಲ್ಲದ ಬೊಂಬೆ ಜೂನಿನ ಮಳೆಗೆ ಮೆತ್ತಗಾಗುತ್ತದೆ. ಇದು ತಿನ್ನುವ ವಸ್ತುವಲ್ಲ. ಮಕ್ಕಳಿಗೂ ನಾಯಿಗೂ ಎಟುಕದಂತೆ ಕಟ್ಟಿ.

ಕೊನೆಯ ಮಾತು

ಒಂದು ಪ್ರಾಣಿಯನ್ನು ಕೊರೆದವರು ಅದನ್ನು ಮತ್ತೆ ಮೊದಲಿನಂತೆ ನೋಡುವುದಿಲ್ಲ. 2024ರ ಮೇ 20ರ ರಾತ್ರಿ ಘಾಟ್ಕೋಪರಿನ ಮೇಲೆ ಇಳಿಯುತ್ತಿದ್ದ ವಿಮಾನಕ್ಕೆ ಬಡಿದು 39 ರಾಜಹಂಸಗಳು ಸತ್ತವು. ಅದೇ ಬೇಸಗೆಯಲ್ಲಿ ನೆರೂಳಿನ ಕೆರೆಯೊಂದರ ಬಳಿಯೂ ಹಲವು ಸತ್ತವು. ಪತ್ರಿಕೆಯಲ್ಲಿ ಓದಿ ಪುಟ ತಿರುಗಿಸಿದವರೇ ನಮ್ಮಲ್ಲಿ ಹೆಚ್ಚು. ಕತ್ತಿನ ಬಾಗು ಹೇಗೆ, ಕಾಲಿನ ಗಂಟು ಎಲ್ಲಿ ಅಂತ ಒಂದು ಸಂಜೆ ಕೂತು ಕೊರೆದಿದ್ದರೆ ಆ ಪುಟ ಅಷ್ಟು ಬೇಗ ತಿರುಗುತ್ತಿರಲಿಲ್ಲ. ಖಾಡಿಯ ಕೆಸರು ಖಾಲಿ ಬಿದ್ದ ಜಾಗವಲ್ಲ, ಯಾರದೋ ಊಟದ ಎಲೆ ಎಂಬುದು ಕೊರೆದ ಕೈಗೆ ಬೇಗ ತಿಳಿಯುತ್ತದೆ.

ಡಿಸೆಂಬರ್ ಮೊದಲ ವಾರವೇ ಶುರು ಮಾಡಿ ಗೆಳೆಯರೇ. ಒಬ್ಬರು ಕಾಗದ ಕತ್ತರಿಸಲಿ, ಇಬ್ಬರು ಕೊರೆಯಲಿ, ಕೈ ನಡುಗದವರು ಒತ್ತಲಿ, ಅಕ್ಷರ ಚೆನ್ನಾಗಿರುವವರು ಒಳಗೆ ಎರಡು ಸಾಲು ಬರೆಯಲಿ. ಒಂದು ಕಾರ್ಡು ಮೆಟ್ಟಿಲಿಳಿದು ಪಕ್ಕದ ಮನೆಗೆ ಹೋಗಲಿ, ಒಂದು ಅಂಚೆ ಹತ್ತಿ ಊರಿನ ಅಜ್ಜಿಗೆ ಹೋಗಲಿ. ಗೋದಲಿಯ ಪಕ್ಕ ಹಿಣಿಲಿರುವ ಎತ್ತನ್ನು ಕಂಡರೆ, ಇದು ಯಾರ ಮನೆಯದು ಅಂತ ಅಜ್ಜಿ ಖಂಡಿತ ಕೇಳುತ್ತಾರೆ. ಉತ್ತರ ಬರೆಯಲು ಇನ್ನೊಂದು ಕಾರ್ಡು ಉಳಿಸಿಕೊಂಡಿರಿ.